ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವವರಿಗೆ: ಪಾಳಿ, ನೀರು, ನಿದ್ದೆ

ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿರುವ ಲಾಸ್ ಪಾಲ್ಮಾಸ್ ಬಂದರಿನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪಕ್ಕೆ ಹಾಯಿದೋಣಿಯ ದಾರಿ ಸುಮಾರು 2,700 ನಾಟಿಕಲ್ ಮೈಲು, ಅಂದರೆ ಐದು ಸಾವಿರ ಕಿಲೋಮೀಟರು. ದೋಣಿ ಆರು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಆರು ನಾಟಿಕಲ್ ಮೈಲಿನಂತೆ, ಬಿಡದೆ ಸಾಗಿದರೆ ದಿನಕ್ಕೆ 144 ಮೈಲು ಕ್ರಮಿಸುತ್ತದೆ. ಗಾಳಿಯ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿದರೆ ಹೆಚ್ಚುಕಡಿಮೆ ಮೂರು ವಾರ ನೆಲ ಕಾಣುವುದಿಲ್ಲ. ನಲವತ್ತೈದು ಅಡಿಯ ದೋಣಿಯಲ್ಲಿ ಆರು ಜನರ ತಂಡದಲ್ಲಿ ಒಬ್ಬನಾಗಿ ಈ ದಾರಿಯನ್ನು ದಾಟಿ ಚಿತ್ರದುರ್ಗಕ್ಕೆ ಮರಳಿದ ಮೇಲೆ ಅನೇಕರು ನನ್ನನ್ನು ಅಲೆಯ ಎತ್ತರದ ಬಗ್ಗೆ, ಈಜಿನ ಬಗ್ಗೆ ಕೇಳಿದ್ದಾರೆ. ನಿಜವಾಗಿ ಹೊರಡಬೇಕೆಂದಿರುವವರು ಕೇಳಬೇಕಾದ ಪ್ರಶ್ನೆಗಳು ಬೇರೆ: ಯಾರ ಜೊತೆಗೆ ಇರಬೇಕು, ಯಾವ ಹೊತ್ತಿನಲ್ಲಿ ಎಚ್ಚರವಾಗಿರಬೇಕು, ಎಷ್ಟು ನೀರಿನಲ್ಲಿ ದಿನ ಕಳೆಯಬೇಕು. ಸಾಗರ ದಾಟುವುದಕ್ಕೆ ಧೈರ್ಯಕ್ಕಿಂತ ಮಿಗಿಲಾಗಿ ಶಿಸ್ತಾದ ಮನೆವಾರ್ತೆ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾಲದ ಮಾತು. ಚಿತ್ರದುರ್ಗದ ಜೋಗಿಮಟ್ಟಿಯ ಆಸುಪಾಸಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಯಾವ ತಿಂಗಳಲ್ಲಿ ಜೋರಾಗಿ ತಿರುಗುತ್ತವೆ ಎಂಬುದನ್ನು ನೋಡಿದ ನಮಗೆ ಗಾಳಿಗೂ ಋತುವಿದೆ ಎಂದು ಹೇಳಿಕೊಡಬೇಕಾಗಿಲ್ಲ. ಉತ್ತರ ಅಟ್ಲಾಂಟಿಕ್‌ನಲ್ಲಿ ಚಂಡಮಾರುತಗಳ ಕಾಲ ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಎಂದು ಲೆಕ್ಕ. ಅದು ಮುಗಿಯುವ ಹೊತ್ತಿಗೆ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ನೆಲೆಗೊಳ್ಳುತ್ತದೆ. ಆದ್ದರಿಂದ ದೋಣಿಗಳು ನವೆಂಬರ್ ಕೊನೆಯಿಂದ ಜನವರಿಯವರೆಗೆ ಹೊರಡುತ್ತವೆ. ಅವು ನೇರ ಪಶ್ಚಿಮಕ್ಕೆ ತಿರುಗದೆ, ಮೊದಲು ನೈಋತ್ಯಕ್ಕೆ ಕೇಪ್ ವರ್ಡೆ ದ್ವೀಪಗಳ ದಿಕ್ಕಿಗೆ ಇಳಿದು, ಗಾಳಿ ಸ್ಥಿರವಾದ ಮೇಲೆ ಪಶ್ಚಿಮಕ್ಕೆ ಹೊರಳುವುದು ವಾಡಿಕೆ. ಇದೇ ದಾರಿಯಲ್ಲಿ ದೋಣಿಗಳು ಒಟ್ಟಾಗಿ ಸಾಗುವ 'ಎ.ಆರ್.ಸಿ.' ಎಂಬ ಯಾನ 1986ರಿಂದ ನಡೆಯುತ್ತಿದ್ದು, ಅದಕ್ಕೆ ಮುಂಚಿನ ವಾರಗಳಲ್ಲಿ ಲಾಸ್ ಪಾಲ್ಮಾಸ್‌ನ ಬಂದರು ಸಹಾಯಕರನ್ನು ಹುಡುಕುವ ಕ್ಯಾಪ್ಟನ್‌ಗಳಿಂದಲೂ ದೋಣಿ ಹುಡುಕುವ ಯುವಕರಿಂದಲೂ ತುಂಬಿರುತ್ತದೆ.

ಆದರೆ ಬಂದರಿಗೆ ಹೋಗಿ ದೋಣಿ ಹುಡುಕುವ ಯುರೋಪಿನ ಯುವಕರ ದಾರಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಗ್ಗುವುದಿಲ್ಲ. ಕೆನರಿ ದ್ವೀಪಗಳಿಗೆ ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕು, ವೀಸಾಕ್ಕೆ ಮರಳುವ ವ್ಯವಸ್ಥೆಯ ದಾಖಲೆ ಬೇಕು, ನಾವಾದರೋ ವಿಮಾನದಲ್ಲಿ ಬಂದು ದೋಣಿಯಲ್ಲಿ ಹೊರಡುವವರು. ಹೀಗಾಗಿ ದೋಣಿಯ ನೋಂದಣಿ ಪತ್ರದ ಪ್ರತಿಯನ್ನೂ, ನಿಮ್ಮ ಹೆಸರಿರುವ ಸಿಬ್ಬಂದಿ ಪಟ್ಟಿಯನ್ನೂ, ಯಾನದ ವಿವರವಿರುವ ಕ್ಯಾಪ್ಟನ್‌ರ ಪತ್ರವನ್ನೂ ಊರಿನಿಂದ ಹೊರಡುವ ಮೊದಲೇ ತರಿಸಿಕೊಳ್ಳಿ. ವಿಮಾನ ಸಂಸ್ಥೆಯವರಿಗೂ ಅವನ್ನೇ ತೋರಿಸಬೇಕಾಗುತ್ತದೆ. ಲಾಸ್ ಪಾಲ್ಮಾಸ್ ಬಿಡುವಾಗ ನಿರ್ಗಮನವನ್ನು ದಾಖಲು ಮಾಡಿಸುವುದನ್ನು ಮರೆಯಬಾರದು. ಇಲ್ಲವಾದರೆ ದಾಖಲೆಯ ಪ್ರಕಾರ ನೀವು ಇನ್ನೂ ಯುರೋಪಿನಲ್ಲೇ ಇರುತ್ತೀರಿ. ವಿಮೆಯ ವಿಷಯದಲ್ಲಿಯೂ ಹೀಗೆಯೇ: ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಬಹುಪಾಲು ದಡದಿಂದ ದೂರದ ಹಾಯಿಯಾನವನ್ನು ಒಳಗೊಳ್ಳುವುದಿಲ್ಲ, ಆದ್ದರಿಂದ ಒಳಗೊಳ್ಳುತ್ತದೆ ಎಂಬ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ.

ದೋಣಿಗಿಂತ ಮೊದಲು ಕ್ಯಾಪ್ಟನ್‌ರನ್ನು ಆರಿಸಬೇಕು. ಅವರು ಹಿಂದೆ ಯಾವ ಸಾಗರ ದಾಟಿದ್ದಾರೆ, ಜೀವರಕ್ಷಕ ತೆಪ್ಪದ ತಪಾಸಣೆ ಕೊನೆಯ ಬಾರಿ ಯಾವಾಗ ಆಯಿತು, ಉಪಗ್ರಹಕ್ಕೆ ಸಂಕಟದ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ಇಪರ್ಬ್ ಸಾಧನ ದೋಣಿಯ ಹೆಸರಿನಲ್ಲಿ ನೋಂದಣಿಯಾಗಿದೆಯೇ, ಯಾನದ ನಡುವೆ ಮದ್ಯಕ್ಕೆ ಅವಕಾಶವಿದೆಯೇ, ಊಟ ಮತ್ತು ಡೀಸೆಲ್ ಖರ್ಚನ್ನು ಹೇಗೆ ಹಂಚುತ್ತಾರೆ ಎಂಬಿಷ್ಟನ್ನು ಸಂಕೋಚವಿಲ್ಲದೆ ಕೇಳಿ. ಈ ಪ್ರಶ್ನೆಗಳಿಗೆ ಬೇಸರಪಡುವ ಕ್ಯಾಪ್ಟನ್‌ರ ಜೊತೆ ಮೂರು ವಾರ ಹೋಗುವುದು ಬೇಡ. ಸಾಧ್ಯವಿದ್ದರೆ ಹೊರಡುವ ಮೊದಲು ಕೆಲವು ದಿನ ಅದೇ ತಂಡದೊಂದಿಗೆ ದ್ವೀಪಗಳ ನಡುವೆ ಸಾಗಿ ನೋಡಿ. ನಿಮಗೂ ಕೆಲಸದ ಪರಿಚಯವಿರಬೇಕು. ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಗೋವಾ ಮತ್ತು ಮುಂಬಯಿಯಲ್ಲಿ ಹಾಯಿ ಕಲಿಯಬಹುದು. ಬ್ರಿಟನ್ನಿನ ಆರ್.ವೈ.ಎ. ಸಂಸ್ಥೆಯ ಐದು ದಿನಗಳ 'ಕಾಂಪಿಟೆಂಟ್ ಕ್ರೂ' ತರಬೇತಿಯನ್ನು ಹೊಸಬರಿಂದ ಅನೇಕ ಕ್ಯಾಪ್ಟನ್‌ಗಳು ನಿರೀಕ್ಷಿಸುತ್ತಾರೆ.

ಹೊರಟ ಮೇಲೆ ಬದುಕೆಲ್ಲವೂ ಪಾಳಿಯ ಸುತ್ತ ನಡೆಯುತ್ತದೆ. ನಮ್ಮ ಆರು ಜನ ಮೂರು ಜೋಡಿಗಳಾಗಿ, ಪ್ರತಿ ಜೋಡಿಗೆ ಮೂರು ಗಂಟೆ ಕಾವಲು, ಆರು ಗಂಟೆ ಬಿಡುವು ಎಂಬ ಕ್ರಮವಿತ್ತು. ಒಂಬತ್ತು ಗಂಟೆಯ ಈ ಸುತ್ತು ಇಪ್ಪತ್ನಾಲ್ಕಕ್ಕೆ ಸರಿಯಾಗಿ ಹೊಂದದಿರುವುದರಿಂದ ಕಾವಲಿನ ಹೊತ್ತು ದಿನಕ್ಕೆ ಮೂರು ಗಂಟೆ ಮುಂದಕ್ಕೆ ಸರಿಯುತ್ತದೆ, ನಡುರಾತ್ರಿಯ ಕಷ್ಟವೂ ಮುಂಜಾವದ ಸುಖವೂ ಎಲ್ಲರಿಗೂ ಸಮನಾಗಿ ಬರುತ್ತವೆ. ಚುಕ್ಕಾಣಿಯನ್ನು ಹೆಚ್ಚಿನ ಹೊತ್ತು ಆಟೋಪೈಲಟ್ ಹಿಡಿದಿರುತ್ತದೆ; ಮನುಷ್ಯರ ಕೆಲಸ ಕಣ್ಣಿಡುವುದು. ಇಪ್ಪತ್ತು ನಾಟ್ ವೇಗದ ಸರಕು ಹಡಗು ಎದುರಿನಿಂದ ಬಂದರೆ, ನಮ್ಮ ಆರು ನಾಟ್ ಸೇರಿ ಕಾಲು ಗಂಟೆಯಲ್ಲಿ ಆರೂವರೆ ಮೈಲು ಅಂತರ ಕರಗಿಹೋಗುತ್ತದೆ. ಹತ್ತಿರದ ಹಡಗುಗಳನ್ನು ತೋರಿಸುವ ಎ.ಐ.ಎಸ್. ಪರದೆ ಇದ್ದರೂ ಆ ಸಾಧನ ಹಾಕಿಕೊಳ್ಳದ ದೋಣಿಗಳು ಸಮುದ್ರದಲ್ಲಿವೆ, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಎದ್ದುನಿಂತು ದಿಗಂತವನ್ನು ಪೂರ್ತಿ ಒಂದು ಸುತ್ತು ನೋಡಬೇಕು. ಕಾವಲಿಗೆ ಐದು ನಿಮಿಷ ಮೊದಲೇ, ಪೂರ್ತಿ ಸಿದ್ಧವಾಗಿ, ಮೇಲೆ ಬನ್ನಿ. ತಡವಾಗಿ ಬರುವ ಒಬ್ಬರಿಂದ ಇಡೀ ದೋಣಿಯ ಮನಸ್ಸು ಕೆಡುತ್ತದೆ, ಏಕೆಂದರೆ ಅಲ್ಲಿ ನಿದ್ದೆಗಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ.

ನಿದ್ದೆಯನ್ನೂ ಕಲಿಯಬೇಕು. ಹಿಂದಿನಿಂದ ಗಾಳಿ ಬೀಸುವಾಗ ದೋಣಿ ಎಡಕ್ಕೂ ಬಲಕ್ಕೂ ಎಡೆಬಿಡದೆ ಹೊರಳುತ್ತದೆ. ಮಲಗಿದವರು ಬೀಳದಂತೆ ಬಂಕಿನ ಅಂಚಿಗೆ ದಪ್ಪ ಬಟ್ಟೆಯನ್ನು ಎತ್ತಿ ಕಟ್ಟುತ್ತಾರೆ. ಕಿವಿಗೆ ಬಿರಡೆ, ಕಣ್ಣಿಗೆ ಪಟ್ಟಿ, ತಲೆಗೆ ಕಟ್ಟಿಕೊಳ್ಳುವ ಕೆಂಪು ಬೆಳಕಿನ ಟಾರ್ಚು ತನ್ನಿ. ಬಿಳಿ ಬೆಳಕು ಕಾವಲಿನವರ ಕತ್ತಲ ದೃಷ್ಟಿಯನ್ನು ಕೆಡಿಸುತ್ತದೆ. ಸೂಟ್‌ಕೇಸ್ ಇಡಲು ಜಾಗವಿರುವುದಿಲ್ಲ, ಮಡಚಿಡುವ ಮೆತ್ತನೆಯ ಚೀಲವೇ ಆಗಬೇಕು.

ಸುರಕ್ಷತೆಯ ವಿಷಯದಲ್ಲಿ ಒಂದೇ ನಿಯಮವನ್ನು ಒತ್ತಿ ಹೇಳುತ್ತೇನೆ: ಕತ್ತಲಾದ ಮೇಲೆ ಲೈಫ್‌ಜಾಕೆಟ್ ಹಾಕದೆ, ಅದರ ಕೊಕ್ಕೆಹಗ್ಗವನ್ನು ದೋಣಿಗೆ ಸಿಕ್ಕಿಸದೆ, ಯಾರೂ ಮೇಲೆ ಕಾಲಿಡಬಾರದು. ಆರು ನಾಟ್ ವೇಗದ ದೋಣಿ ನಿಮಿಷಕ್ಕೆ 185 ಮೀಟರು ಮುಂದೆ ಹೋಗುತ್ತದೆ. ರಾತ್ರಿ ಬಿದ್ದವರ ತಲೆ ಅಷ್ಟು ದೂರದಿಂದ ಅಲೆಗಳ ನಡುವೆ ಕಾಣುವುದಿಲ್ಲ, ಎಷ್ಟು ಚೆನ್ನಾಗಿ ಈಜು ಬಂದರೂ ಪ್ರಯೋಜನವಿಲ್ಲ.

ನೀರಿನ ಮಾತಿಗೆ ಬಂದರೆ, ನಮ್ಮ ಜಿಲ್ಲೆಯವರು ಒಂದು ಹೆಜ್ಜೆ ಮುಂದೆಯೇ ಇರುತ್ತೇವೆ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜಾತ್ರೆಗೆ ಹೋದಂತೆ ಹೋಗಿ ನೋಡಿ ಬಂದ ಜನ ನಾವು; ಕೊಡದ ಲೆಕ್ಕದಲ್ಲಿ ನೀರು ಬಳಸುವುದನ್ನು ನಮ್ಮ ತಾಯಂದಿರಿಂದ ಕಲಿತವರು. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ಮೂರು ಲೀಟರ್ ಎಂದರೂ ಆರು ಜನರಿಗೆ ಇಪ್ಪತ್ತೈದು ದಿನಕ್ಕೆ 450 ಲೀಟರ್ ಬೇಕು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ದೋಣಿಯಲ್ಲಿದ್ದರೂ ಅದು ಕೆಟ್ಟರೆ ದಡ ಮುಟ್ಟುವಷ್ಟು ನೀರು ಟ್ಯಾಂಕಿನಲ್ಲೂ ಬಾಟಲಿಗಳಲ್ಲೂ ಬೇರೆಬೇರೆಯಾಗಿ ಇರಬೇಕು. ಒಂದೇ ಟ್ಯಾಂಕ್ ಸೋರಿದರೆ ಎಲ್ಲವೂ ಹೋಗುತ್ತದೆ. ಪಾತ್ರೆ ತೊಳೆಯುವುದು ಸಮುದ್ರದ ನೀರಿನಲ್ಲಿ, ಕೊನೆಗೊಂದು ಲೋಟ ಸಿಹಿನೀರು. ಸ್ನಾನವೂ ಉಪ್ಪುನೀರಿನಲ್ಲಿಯೇ, ಹಿಂಬದಿಯ ಮೆಟ್ಟಿಲ ಬಳಿ ಕೊಕ್ಕೆಹಗ್ಗ ಸಿಕ್ಕಿಸಿಕೊಂಡು. ಬಳಿಕ ಮೈಮೇಲಿನ ಉಪ್ಪು ಹೋಗುವಷ್ಟು ಸಿಹಿನೀರು ಸುರಿದುಕೊಳ್ಳಬೇಕು, ಉಪ್ಪು ಉಳಿದರೆ ಚರ್ಮದಲ್ಲಿ ಹುಣ್ಣಾಗುತ್ತದೆ.

ಊಟದಲ್ಲಿ ಪ್ರೆಷರ್ ಕುಕ್ಕರ್ ದೊಡ್ಡ ಆಸರೆ. ಮುಚ್ಚಳ ಬಿಗಿಯಾಗಿರುವುದರಿಂದ ದೋಣಿ ಹೊರಳಿದರೂ ಬಿಸಿ ಸಾರು ಯಾರ ಮೇಲೂ ಚೆಲ್ಲುವುದಿಲ್ಲ, ಗ್ಯಾಸೂ ಕಡಿಮೆ ಸಾಕು. ಅನ್ನ ಮತ್ತು ಬೇಳೆ ಒಂದೇ ಕುಕ್ಕರಿನಲ್ಲಿ ಬೇಯಿಸಿ ಹುಳಿಪುಡಿ ಹಾಕಿದ ಊಟವನ್ನು ನಮ್ಮ ತಂಡದ ಯುರೋಪಿನವರು ಕೇಳಿ ಕೇಳಿ ಮಾಡಿಸಿಕೊಂಡರು. ಕಟಕು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಚೆನ್ನಾಗಿ ಉಳಿಯುತ್ತವೆ. ದಾವಣಗೆರೆಯ ಮಂಡಕ್ಕಿ ಒಯ್ಯುವವರು ಗಾಳಿಯಾಡದ ಡಬ್ಬಿಯಲ್ಲಿಯೇ ಒಯ್ಯಬೇಕು, ಸಮುದ್ರದ ತೇವಕ್ಕೆ ಅದು ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ತುಪ್ಪ, ಪೇಡ ಮುಂತಾದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ನಮ್ಮ ದೇಶದಿಂದ ಯುರೋಪಿನೊಳಗೆ ಒಯ್ಯಲು ಅವಕಾಶವಿಲ್ಲ. ತರಕಾರಿಯಲ್ಲಿ ಎಲೆಕೋಸು, ಕುಂಬಳ, ಈರುಳ್ಳಿ ಕೊನೆಯವರೆಗೆ ಬಾಳುತ್ತವೆ; ಬಾಳೆಗೊನೆ ಮಾತ್ರ ಒಂದೇ ಸಲಕ್ಕೆ ಹಣ್ಣಾಗುತ್ತದೆ. ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ದಡದಲ್ಲೇ ಬಿಡಬೇಕು, ಅವುಗಳ ಮಡಿಕೆಯಲ್ಲಿ ಜಿರಳೆಯ ಮೊಟ್ಟೆ ಬರುತ್ತದೆ. ನಮ್ಮ ಕಡೆ ಸಸ್ಯಾಹಾರಿಗಳು ಹೆಚ್ಚಿರುವುದರಿಂದ ಇನ್ನೊಂದು ಮಾತು: ದಾರಿಯಲ್ಲಿ ಗಾಳ ಹಾಕಿ ಮೀನು ಹಿಡಿಯುವುದು ಬಹುತೇಕ ಎಲ್ಲ ದೋಣಿಗಳಲ್ಲೂ ಉಂಟು, ಆದ್ದರಿಂದ ನಿಮ್ಮ ಊಟದ ಕ್ರಮವನ್ನು ಸಾಮಾನು ಖರೀದಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿ.

ಮೊದಲ ಮೂರು ದಿನ ಹೊಟ್ಟೆ ತೊಳಸುವುದು ಸಹಜ. ಸಿನ್ನಾರಿಜಿನ್ ಮಾತ್ರೆಯನ್ನು ಹಾಯಿಗಾರರು ಬಹಳವಾಗಿ ಬಳಸುತ್ತಾರೆ; ವೈದ್ಯರನ್ನು ಕೇಳಿ, ಊರಿನಲ್ಲೇ ಒಮ್ಮೆ ನುಂಗಿ ಎಷ್ಟು ಮಂಪರು ಬರುತ್ತದೆಂದು ನೋಡಿಕೊಳ್ಳಿ, ಅಲೆ ಶುರುವಾಗುವ ಮೊದಲೇ ತೆಗೆದುಕೊಳ್ಳಿ. ಕೆಳಗೆ ಕುಳಿತು ಮೊಬೈಲ್ ನೋಡುವುದಕ್ಕಿಂತ ಮೇಲೆ ಕುಳಿತು ದಿಗಂತ ನೋಡುವುದು ಒಳ್ಳೆಯದು.

ಅರ್ಧ ದಾರಿಯ ಹೊತ್ತಿಗೆ ಶರೀರ ಹೊಂದಿಕೊಂಡಿರುತ್ತದೆ. ಬೆಳಿಗ್ಗೆ ಎದ್ದರೆ ಹಾರುವ ಮೀನುಗಳು ಡೆಕ್ಕಿನ ಮೇಲೆ ಬಿದ್ದಿರುತ್ತವೆ, ರಾತ್ರಿ ದೋಣಿಯ ಹಿಂದೆ ನೀರು ಹಸಿರಾಗಿ ಮಿನುಗುತ್ತದೆ, ಪಶ್ಚಿಮಕ್ಕೆ ಹೋದಂತೆ ಸರ್ಗಾಸಮ್ ಎಂಬ ಹಳದಿ ಪಾಚಿಯ ಹಾಸುಗಳು ಬಂದು ಚುಕ್ಕಾಣಿಗೂ ಗಾಳಕ್ಕೂ ಸುತ್ತಿಕೊಳ್ಳುತ್ತವೆ. ಈ ಭಾಗದಲ್ಲಿ ಎಚ್ಚರಿಕೆ ಬೇಕಾದದ್ದು ರಾತ್ರಿಯ ದಿಢೀರ್ ಮಳೆಗಾಳಿಗೆ. ರೇಡಾರಿನಲ್ಲಿ ಮೋಡದ ಗುರುತು ಕಂಡ ಕೂಡಲೇ ಕ್ಯಾಪ್ಟನ್‌ರನ್ನು ಎಬ್ಬಿಸಿ ಹಾಯಿಯನ್ನು ಕುಗ್ಗಿಸಬೇಕು. ನಿದ್ದೆ ಕೆಡಿಸಿದ್ದಕ್ಕೆ ಒಳ್ಳೆಯ ಕ್ಯಾಪ್ಟನ್ ಎಂದೂ ಸಿಟ್ಟಾಗುವುದಿಲ್ಲ. ಪ್ರತಿ ಬೆಳಿಗ್ಗೆ ಹಗ್ಗಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವುದೂ ಅಷ್ಟೇ ಮುಖ್ಯ, ಏಕೆಂದರೆ ಒಂದೇ ಕಡೆ ಉಜ್ಜುತ್ತಿರುವ ಹಗ್ಗ ಕೆಲವೇ ದಿನಗಳಲ್ಲಿ ಸವೆದು ತುಂಡಾಗುತ್ತದೆ.

ಜಗಳಗಳು ಹುಟ್ಟುವುದು ಅಲೆಯಿಂದಲ್ಲ, ತೊಳೆಯದ ಲೋಟದಿಂದ. ನೌಕಾಪಡೆಯ ಆರು ಮಹಿಳೆಯರು 2017ರ ಸೆಪ್ಟೆಂಬರಿನಿಂದ 2018ರ ಮೇವರೆಗೆ 'ತಾರಿಣಿ' ಎಂಬ ಐವತ್ತಾರು ಅಡಿಯ ದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದದ್ದನ್ನು ನಾನು ಅಲ್ಲಿ ಮತ್ತೆಮತ್ತೆ ನೆನೆದೆ. ಅಷ್ಟೇ ಜನ, ಇನ್ನೂ ಎಷ್ಟೋ ತಿಂಗಳು. ನಮ್ಮ ಕ್ಯಾಪ್ಟನ್ ಸಂಜೆಯ ಊಟಕ್ಕೆ ಆರೂ ಜನ ಒಟ್ಟಿಗೆ ಕೂರಬೇಕೆಂಬ ನಿಯಮ ಮಾಡಿದ್ದರು. ಆ ಅರ್ಧ ಗಂಟೆಯಲ್ಲಿ ಅಸಮಾಧಾನಗಳನ್ನು ಸಣ್ಣದಿರುವಾಗಲೇ ಹೇಳಿ ಮುಗಿಸುತ್ತಿದ್ದೆವು, ನೀವು ಸೇರುವ ದೋಣಿಯಲ್ಲಿ ಈ ಪದ್ಧತಿ ಇಲ್ಲದಿದ್ದರೆ ಕೇಳಿ ಆರಂಭಿಸಿ.

ಸೇಂಟ್ ಲೂಸಿಯಾ ತಲುಪಿದ ಕೂಡಲೇ ಇಳಿದು ಓಡಾಡುವಂತಿಲ್ಲ. ದೋಣಿ ಹಳದಿ ಬಾವುಟ ಏರಿಸಬೇಕು, ಕ್ಯಾಪ್ಟನ್ ಒಬ್ಬರೇ ಹೋಗಿ ಕಸ್ಟಮ್ಸ್ ಮತ್ತು ವಲಸೆ ಕಚೇರಿಯ ಕೆಲಸ ಮುಗಿಸಬೇಕು, ಅಲ್ಲಿಯವರೆಗೆ ಉಳಿದವರು ದೋಣಿಯಲ್ಲೇ ಇರಬೇಕು. ಆ ದ್ವೀಪದ ವೀಸಾ ನಿಯಮವನ್ನು ಊರು ಬಿಡುವ ಮೊದಲೇ ಖಚಿತಪಡಿಸಿಕೊಳ್ಳಿ. ಮರಳುವ ವಿಮಾನ ಅಮೆರಿಕದ ಮೂಲಕವಾದರೆ ಅಲ್ಲಿನ ವೀಸಾ ಬೇಕು, ಲಂಡನ್ ಮೂಲಕವಾದರೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾದ ನಿಯಮ ನೋಡಬೇಕು. ಪಕ್ಕದ ಮಾರ್ಟಿನಿಕ್ ಫ್ರಾನ್ಸಿಗೆ ಸೇರಿದ್ದರೂ ಷೆಂಗೆನ್ ವಲಯದ ಹೊರಗಿದೆ, ಅಲ್ಲಿಗೆ ಬೇರೆಯೇ ವೀಸಾ. ಗಾಳಿ ಯಾವ ತಾರೀಖಿಗೆ ತಲುಪಿಸುತ್ತದೆಂದು ಯಾರೂ ಹೇಳಲಾರರು, ಆದ್ದರಿಂದ ದಿನಾಂಕ ಬದಲಿಸಬಹುದಾದ ಟಿಕೆಟ್ಟನ್ನೇ ಕೊಳ್ಳಿ, ತಲುಪುವ ಅಂದಾಜಿಗೂ ಅದಕ್ಕೂ ನಡುವೆ ಒಂದು ವಾರವಾದರೂ ಬಿಡುವಿರಲಿ.