ದುಡ್ಡೆಲ್ಲ ಚರ್ಮಕ್ಕೆ ಹೋಯಿತು, ಉಸಿರಿಗೆ ಉಳಿಯಲಿಲ್ಲ

ನಾಲ್ಕು ಕಿಲೋ ಇನ್ನೂರು ಗ್ರಾಂ. ಆ ಗೊಂಬೆಯ ತಲೆಯನ್ನು ನಾನು ತಕ್ಕಡಿಯ ಮೇಲೆ ಇಟ್ಟದ್ದು ಶೂಟಿಂಗ್ ಮುಗಿದು, ಸಾಮಾನೆಲ್ಲ ವ್ಯಾನಿನಿಂದ ಇಳಿಸಿದ ಮೇಲೆ. ಬಣ್ಣ ಹಚ್ಚುವ ಮೊದಲೇ ತೂಗಿದ್ದರೆ ಎರಡು ರಾತ್ರಿಯ ಸಂಕಟ ತಪ್ಪುತ್ತಿತ್ತು.

ಬೆಂಗಳೂರಿನಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಜಾಹೀರಾತು, ಸೀರಿಯಲ್, ಕಿರುಚಿತ್ರಗಳಿಗೆ ಮುಖವಾಡ, ಗೊಂಬೆ, ಮಿನಿಯೇಚರ್ ಮಾಡಿಕೊಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಹಾರರ್ ಕಿರುಚಿತ್ರದ ಕೆಲಸ ಬಂತು. ಮಲೆನಾಡಿನ ಹಳೇ ಹಂಚಿನ ಮನೆ, ಹಿತ್ತಲಲ್ಲಿ ಬಾವಿ, ಬಾವಿಯೊಳಗೆ ಒಂದು ಜೀವ. ಆ ಜೀವಕ್ಕೆ ಇಟ್ಟಿದ್ದ ಹಣ 60,000 ರೂಪಾಯಿ, ಸಮಯ ಹದಿನೆಂಟು ದಿನ. ಅದರಲ್ಲಿ 41,000 ಅಚ್ಚಿಗೆ ಮತ್ತು ಸಿಲಿಕೋನ್‌ಗೆ ಹೋಯಿತು. ಚರ್ಮದ ಒಂದೊಂದು ಸುಕ್ಕನ್ನೂ ನಾನೇ ಕೆತ್ತಿದ್ದೆ. ಕತ್ತಿನ ಮೇಲೆ ಕೂದಲನ್ನು ಒಂದೊಂದಾಗಿ ಸೂಜಿಯಲ್ಲಿ ಚುಚ್ಚಿ ನೆಟ್ಟಿದ್ದೆವು. ಬಾಯಿ ತೆರೆಯಲು ಸೈಕಲ್ಲಿನ ಬ್ರೇಕ್ ಕೇಬಲ್. ಕಣ್ಣಿಗೆ ಉಳಿದದ್ದು ಎರಡು ಪ್ಲಾಸ್ಟಿಕ್ ಅರ್ಧಗೋಳ. ಗೊಂಬೆ ಆಡಿಸುವವನಿಗೆ ಉಳಿದದ್ದು ಶೂಟಿಂಗ್ ದಿನಗಳ ಕೂಲಿ ಮಾತ್ರ. ತಾಲೀಮಿಗೆ ಅಂತ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಆಡಿಸಲು ಬಂದವನು ರಂಗಭೂಮಿಯ ಹುಡುಗ, ಮೈಮೇಲೆ ಒಳ್ಳೆಯ ಹಿಡಿತ ಇದ್ದವನು. ಅವನು ಆ ತಲೆಯನ್ನು ಮೊದಲ ಸಲ ನೋಡಿದ್ದು ಸೆಟ್ಟಿನಲ್ಲಿ, ಸಂಜೆ ಏಳಕ್ಕೆ. ಬಾವಿಯೊಳಗೆ ಹಲಗೆ ಕಟ್ಟಿ ಅವನನ್ನು ನಿಲ್ಲಿಸಿದೆವು. ಕೈ ತಲೆಯ ಮೇಲಕ್ಕೆತ್ತಿ, ಆ ಕೈಯನ್ನು ಗೊಂಬೆಯ ಕತ್ತಿನೊಳಗೆ ತೂರಿಸಿ, ಬಾವಿಕಟ್ಟೆಯಿಂದ ಮೇಲೆದ್ದು ಹುಡುಗಿಯನ್ನು ಹತ್ತು ಸೆಕೆಂಡು ದಿಟ್ಟಿಸಬೇಕು. ಶಾಟ್ ಇಷ್ಟೇ.

ಆರನೇ ಸೆಕೆಂಡಿಗೆ ತಲೆ ಬಾಗತೊಡಗಿತು. ಮೂರನೇ ಟೇಕಿಗೆ ಗಡಗಡ ನಡುಕ. ಬಾವಿಯೊಳಗಿಂದ ಧ್ವನಿ ಬಂತು, "ಅಣ್ಣಾ, ಕೈ ನಿಲ್ತಾ ಇಲ್ಲ. ಇಳಿಸ್ಲಾ?" ನಿರ್ದೇಶಕರು ಚರ್ಮಕ್ಕೆ ಅಷ್ಟು ಖರ್ಚು ಮಾಡಿದ್ದರಿಂದ ಅದು ಪೂರ್ತಿ ಕಾಣಲಿ ಅಂತ ಕ್ಯಾಮೆರಾಮನ್ ಎದುರಿನಿಂದ ಬೆಳ್ಳಗೆ ಲೈಟು ಬಿಟ್ಟಿದ್ದರು. ಮಾನಿಟರ್ ಮುಂದೆ ನಿಂತಿದ್ದ ಎಂಟು ಹತ್ತು ಜನ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ತಡೆಯಲಾಗದೆ ಬಂದ ನಗು ಅದು. ಹದಿನೆಂಟು ದಿನದ ಕೆಲಸದ ಎದುರು ಆ ಸದ್ದು ಹೇಗಿರುತ್ತದೆ ಅನ್ನುವುದು ಈ ಕೆಲಸ ಮಾಡುವವರಿಗೆ ಗೊತ್ತು.

ಯಾಕೆ ನಕ್ಕರು ಅನ್ನುವುದನ್ನು ನಾನು ಆಮೇಲೆ ತುಂಬಾ ದಿನ ಯೋಚಿಸಿದ್ದೇನೆ. ಗೊಂಬೆ ಸುಳ್ಳು ಅಂತ ಗೊತ್ತಾದದ್ದಕ್ಕೆ ಅಲ್ಲ. ಸುಳ್ಳು ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿ ಮರದ ರಾವಣನಿಗೆ ಕಟ್ಟಿದ ದಾರಗಳು ಕಣ್ಣಿಗೆ ಕಾಣುತ್ತವೆ. ಒಂದು ಗೊಂಬೆಗೆ ಐದರಿಂದ ಏಳು ದಾರ. ಯಾರೂ ಅದನ್ನು ನೋಡಿ ನಗುವುದಿಲ್ಲ, ಹತ್ತು ನಿಮಿಷದಲ್ಲಿ ದಾರವೇ ಮರೆತುಹೋಗುತ್ತದೆ. ಏಕೆಂದರೆ ಆ ಗೊಂಬೆ ಭಾಗವತರ ತಾಳಕ್ಕೆ ಸರಿಯಾಗಿ ಹೆಜ್ಜೆ ಇಡುತ್ತದೆ, ಚೆಂಡೆಯ ಪೆಟ್ಟಿಗೆ ಸರಿಯಾಗಿ ತಲೆ ತಿರುಗಿಸುತ್ತದೆ. ಅದು ತಾನು ಮರ ಅನ್ನುವುದನ್ನು ಮುಚ್ಚಿಡುವುದಿಲ್ಲ, ಆದರೆ ತನ್ನ ಚಲನೆಯಲ್ಲಿ ತಪ್ಪುವುದಿಲ್ಲ. ನಮ್ಮ ಬಾವಿಯ ಜೀವ ತದ್ವಿರುದ್ಧ. ಚರ್ಮ "ನಾನು ನಿಜ" ಅನ್ನುತ್ತಿತ್ತು, ಕತ್ತು "ನನ್ನೊಳಗೆ ಒಬ್ಬನ ಕೈ ಸೋತಿದೆ" ಅನ್ನುತ್ತಿತ್ತು. ನಗು ಹುಟ್ಟಿದ್ದು ಈ ಎರಡು ಮಾತಿನ ನಡುವೆ.

ಇದೇ ಪಾಠವನ್ನು ಇಡೀ ಒಂದು ಸ್ಟುಡಿಯೋ ನನಗಿಂತ ಎಷ್ಟೋ ಮೊದಲೇ ಕಲಿತಿತ್ತು. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಎಂಬ ಊರಿನ ಕೈಗಾರಿಕಾ ಪ್ರದೇಶದಲ್ಲಿ, ಗೆರಿ ಮತ್ತು ಸಿಲ್ವಿಯಾ ಆಂಡರ್ಸನ್ ಅವರ ತಂಡ 1960ರ ದಶಕದಲ್ಲಿ ಟಿವಿಗಾಗಿ ಗೊಂಬೆಗಳ ವೈಜ್ಞಾನಿಕ ಕಥೆಗಳನ್ನು ತೆಗೆಯುತ್ತಿತ್ತು. 1965ರಲ್ಲಿ ಬಂದ 'ಥಂಡರ್‌ಬರ್ಡ್ಸ್' ಅದರಲ್ಲಿ ಹೆಚ್ಚು ಹೆಸರಾದದ್ದು, ಒಟ್ಟು 32 ಕಂತು. ಅವರ ತಂತ್ರದ ಹೆಸರು ಸೂಪರ್‌ಮ್ಯಾರಿಯೊನೇಷನ್. ಗೊಂಬೆಯ ತಲೆಯೊಳಗೆ ಒಂದು ಸೊಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಎಳೆಯುವ ಸುರುಳಿ. ಸಂಭಾಷಣೆಯನ್ನು ಮೊದಲೇ ಟೇಪಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದರ ಸಂಕೇತವನ್ನು ಗೊಂಬೆಯನ್ನು ತೂಗುಹಾಕಿದ ಟಂಗ್‌ಸ್ಟನ್ ತಂತಿಯ ಮೂಲಕವೇ ತಲೆಗೆ ಕಳಿಸುತ್ತಿದ್ದರು. ಮಾತಿನ ಲಯಕ್ಕೆ ತುಟಿ ಅಲ್ಲಾಡುತ್ತಿತ್ತು. ಎತ್ತಿ ಹಿಡಿಯುವ ತಂತಿಯೇ ಮಾತನ್ನೂ ಹೊರುತ್ತದೆ ಅನ್ನುವ ಆ ಯೋಚನೆ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಆದರೆ ಅವರ ಗೊಂಬೆಗಳಿಗೆ ನಡೆಯಲು ಬರುತ್ತಿರಲಿಲ್ಲ. ಹಗುರ ಗೊಂಬೆ, ಮೇಲಿನಿಂದ ತೂಗುತ್ತಿದೆ, ಪಾದಕ್ಕೆ ನೆಲದ ಮೇಲೆ ಭಾರ ಬೀಳುವುದಿಲ್ಲ. ಹೆಜ್ಜೆ ಇಟ್ಟರೆ ತೇಲಿದ ಹಾಗೆ ಕಾಣುತ್ತದೆ. ತಮಿಳುನಾಡಿನ ಬೊಮ್ಮಲಾಟ್ಟದಲ್ಲಿ ಗೊಂಬೆ ನಾಲ್ಕೂವರೆ ಅಡಿ ಎತ್ತರ, ಸುಮಾರು ಹತ್ತು ಕಿಲೋ ತೂಕದವರೆಗೂ ಇರುತ್ತದೆ. ಆಡಿಸುವವರು ಕಬ್ಬಿಣದ ಬಳೆಯನ್ನು ಕಿರೀಟದ ಹಾಗೆ ತಲೆಗೆ ಹಾಕಿಕೊಂಡು ಅದಕ್ಕೆ ದಾರ ಕಟ್ಟುತ್ತಾರೆ. ಅಲ್ಲಿ ಭಾರವನ್ನು ಹೊರುವುದು ಮನುಷ್ಯನ ಇಡೀ ಮೈ, ನಮ್ಮ ಬಾವಿಯ ಹಾಗೆ ಒಂದೇ ಕೈಯಲ್ಲ. ಸ್ಲೌನವರು ಬೇರೆ ದಾರಿ ಹಿಡಿದರು, ನಡಿಗೆಯನ್ನೇ ಕಥೆಯಿಂದ ತೆಗೆದರು. ಪಾತ್ರಗಳು ಕೂತಲ್ಲಿಂದಲೇ ವಾಹನಕ್ಕೆ ಜಾರುತ್ತವೆ, ತಾನಾಗಿ ಚಲಿಸುವ ಹಾದಿಯ ಮೇಲೆ ನಿಲ್ಲುತ್ತವೆ, ಹಾರುವ ಯಂತ್ರಗಳಲ್ಲಿ ಕೂರುತ್ತವೆ. ಗುಂಡಿ ಒತ್ತುವ ಕ್ಲೋಸಪ್ ಬಂದರೆ ನಿಜವಾದ ಮನುಷ್ಯನ ಕೈ. ಮಕ್ಕಳನ್ನು ಹುಚ್ಚು ಹಿಡಿಸಿದ ಆ ವಾಹನಗಳ ವೈಭವ ಎಷ್ಟೋ ಪಾಲು ಹುಟ್ಟಿದ್ದು ಗೊಂಬೆಯ ಕಾಲಿನ ದೌರ್ಬಲ್ಯದಿಂದ. 1963ರಲ್ಲಿ ಬಿಬಿಸಿಯ ವೈಜ್ಞಾನಿಕ ಧಾರಾವಾಹಿ 'ಡಾಕ್ಟರ್ ಹೂ'ಗೆ ರೇಮಂಡ್ ಕ್ಯುಸಿಕ್ ರೂಪಿಸಿದ, ಲೋಹಕವಚದ ಖಳಜೀವಿಗಳಾದ ಡ್ಯಾಲೆಕ್‌ಗಳೂ ಹಾಗೇ. ಒಳಗೆ ಒಬ್ಬ ಮನುಷ್ಯ ಕೂತಿರುತ್ತಾನೆ, ಹೊರಗೆ ಕಾಲೇ ಇಲ್ಲ, ಜಾರುತ್ತಾ ಬರುತ್ತದೆ. ಒಂದು ಕೈ ಸಿಂಕ್ ಶುಚಿ ಮಾಡುವ ರಬ್ಬರ್ ಪ್ಲಂಜರ್‌ನಂತಿದೆ. ಆದರೂ ಒಂದು ತಲೆಮಾರಿನ ಮಕ್ಕಳು ಅದಕ್ಕೆ ಹೆದರಿ ಸೋಫಾದ ಹಿಂದೆ ಅವಿತರು.

ಮುಂದೆ ನಡೆದದ್ದು ನನ್ನ ಸಿಲಿಕೋನ್ ತಲೆಯ ಕಥೆಗೆ ಇನ್ನೂ ಹತ್ತಿರ. ಥಂಡರ್‌ಬರ್ಡ್ಸ್ ಗೊಂಬೆಗಳಿಗೆ ತಲೆ ದಪ್ಪ, ಮೈ ಸಣ್ಣ, ಏಕೆಂದರೆ ಸೊಲೆನಾಯ್ಡ್ ತಲೆಯಲ್ಲಿ ಕೂರಬೇಕಿತ್ತು. ಅದೇ ತಂಡದ 1967ರ 'ಕ್ಯಾಪ್ಟನ್ ಸ್ಕಾರ್ಲೆಟ್' ಹೊತ್ತಿಗೆ ಆ ಯಂತ್ರವನ್ನು ಎದೆಗೆ ಇಳಿಸಿದರು. ತಲೆ ಮನುಷ್ಯನ ಅಳತೆಗೆ ಬಂತು, ಮುಖಗಳು ಸುಂದರವಾದವು. ಎರಡನ್ನೂ ಒಂದಾದ ಮೇಲೊಂದು ಹಾಕಿ ನೋಡಿ. ಹೊಸ ಗೊಂಬೆಗಳು ಅಂಗಡಿಯ ಕಿಟಕಿಯಲ್ಲಿ ನಿಲ್ಲಿಸಿದ ಪ್ರತಿಮೆಗಳಂತೆ ಬಿಗಿದುಕೊಂಡಿವೆ. ಹಳೆಯ ದಪ್ಪ ತಲೆಯವರು ಒಮ್ಮೆ ಹುಬ್ಬಿನ ಕೆಳಗಿಂದ ನೋಡಿದರೆ ಸಾಕು, ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುತ್ತದೆ. ಅಳತೆ ಸರಿಯಾದಷ್ಟೂ ಚಲನೆಯ ಕೊರತೆ ಎದ್ದು ಕಂಡಿತು. ಕಡಿಮೆ ಹಣದ ಕೆಲಸದಲ್ಲಿ ನನ್ನ ಪಕ್ಷಪಾತ ಯಾವತ್ತೂ ಆ ದಪ್ಪ ತಲೆಗಳ ಕಡೆಗೇ.

ಇದಕ್ಕಿಂತ ನೋವಿನ ಉದಾಹರಣೆ 1957ರ 'ದಿ ಜಯಂಟ್ ಕ್ಲಾ'. ಅಮೆರಿಕದ ಈ ಚಿತ್ರದಲ್ಲಿ ಯುದ್ಧನೌಕೆಯಷ್ಟು ದೊಡ್ಡ ಹಕ್ಕಿಯೊಂದು ಬಾಹ್ಯಾಕಾಶದಿಂದ ಬರುತ್ತದೆ. ನಿರ್ಮಾಪಕ ಸ್ಯಾಮ್ ಕಾಟ್ಜ್‌ಮನ್ ಹಣ ಉಳಿಸಲು ಹಕ್ಕಿಯ ಕೆಲಸವನ್ನು ಮೆಕ್ಸಿಕೋದವರಿಗೆ ಕೊಟ್ಟರು. ಬಂದದ್ದು ಉದ್ದ ಕತ್ತು, ಉಬ್ಬಿದ ಕಣ್ಣು, ನೆತ್ತಿಯಲ್ಲಿ ಕೂದಲಿನ ಜುಟ್ಟು ಇರುವ ಒಂದು ಸೂತ್ರದ ಗೊಂಬೆ. ನಟರು ಅದನ್ನು ನೋಡದೆಯೇ, ಖಾಲಿ ಆಕಾಶ ನೋಡುತ್ತಾ, ಪೂರ್ತಿ ಮನಸ್ಸಿಟ್ಟು ನಟಿಸಿದ್ದರು. ನಾಯಕ ಜೆಫ್ ಮಾರೊ ತಮ್ಮ ಊರಿನ ಥಿಯೇಟರಿನಲ್ಲಿ ಮೊದಲ ಸಲ ಆ ಹಕ್ಕಿಯನ್ನು ಕಂಡರು. ಜನ ನಗತೊಡಗಿದಾಗ ಯಾರೂ ಗುರುತು ಹಿಡಿಯುವ ಮೊದಲೇ ಎದ್ದು ಹೊರಟೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಗೊಂಬೆ ಮಾಡಿದವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಅವರಿಗೆ ಕೊಟ್ಟ ದುಡ್ಡು ಎಷ್ಟೋ, ದಿನ ಎಷ್ಟೋ. ಆದರೆ ಗೊಂಬೆ ಮಾಡುವವರು ಒಂದು ದೇಶದಲ್ಲಿ, ಅದಕ್ಕೆ ಹೆದರಬೇಕಾದವರು ಇನ್ನೊಂದು ದೇಶದಲ್ಲಿ ಇದ್ದರೆ ಅವರಿಬ್ಬರ ದೃಷ್ಟಿ ಎಲ್ಲಿ ಸೇರಬೇಕು? ನಮ್ಮಲ್ಲಿ ದೇಶ ಒಂದೇ, ಊರೂ ಒಂದೇ. ಆದರೂ ನನ್ನ ವರ್ಕ್‌ಶಾಪಿಗೆ ಆ ಹುಡುಗ ಒಂದು ದಿನವೂ ಬಂದಿರಲಿಲ್ಲ, ನಾನು ಕರೆದಿರಲಿಲ್ಲ.

ಎರಡನೇ ದಿನ ತಲೆಯನ್ನು ಪಕ್ಕಕ್ಕಿಟ್ಟೆವು. ನಿರ್ದೇಶಕರನ್ನು ಒಪ್ಪಿಸಲು ಕಷ್ಟವಾಯಿತು. "ಅಷ್ಟು ಖರ್ಚು ಮಾಡಿಸಿದ್ರಲ್ಲ, ತೋರಿಸ್ದೇ ಇದ್ರೆ ಹೇಗೆ?" ಅಂದರು. ಅವರ ಮಾತು ತಪ್ಪಲ್ಲ, ಅದಕ್ಕೆ ನನ್ನಲ್ಲಿ ಉತ್ತರವೂ ಇರಲಿಲ್ಲ. ಮಧ್ಯಾಹ್ನ ನಾಲ್ಕು ತಾಸು ಸಮಯ ಕೊಡಿ, ಇಷ್ಟವಾಗದಿದ್ದರೆ ತಲೆಯನ್ನೇ ಹಾಕೋಣ ಅಂತ ಕೇಳಿಕೊಂಡೆ.

ಪೇಟೆಯ ಹಾಸಿಗೆ ಅಂಗಡಿಯಿಂದ ಸ್ಪಂಜು ತಂದು ಒಂದು ಬೆನ್ನು ಕತ್ತರಿಸಿದೆವು. ಬರೀ ಬೆನ್ನು, ಮುಖವಿಲ್ಲ. ಲೇಟೆಕ್ಸ್ ಅನ್ನುವ ದ್ರವ ರಬ್ಬರ್ ಬಳಿದು, ಕಪ್ಪು ಹಸಿರು ಬಣ್ಣ ಹಚ್ಚಿ, ಗ್ಲಿಸರಿನ್ ಸವರಿದೆವು. ಒಳಗೆ ಎರಡು ದೊಡ್ಡ ಬಲೂನು. ಅದಕ್ಕೆ ರಬ್ಬರ್ ನಳಿಕೆ, ನಳಿಕೆಯ ತುದಿಗೆ ಬಿಪಿ ನೋಡುವ ಉಪಕರಣದ ರಬ್ಬರ್ ಉಂಡೆ. ಉಂಡೆ ಒತ್ತಿದರೆ ಬೆನ್ನು ಉಬ್ಬುತ್ತದೆ, ತಿರುಪು ಸಡಿಲಿಸಿದರೆ ಮೆಲ್ಲಗೆ ಇಳಿಯುತ್ತದೆ. ಆ ಹುಡುಗ ಜಗುಲಿಯಲ್ಲಿ ಕೂತು ಅದನ್ನು ಅಭ್ಯಾಸ ಮಾಡಿದ. ಮೊದಮೊದಲು ಬಲೂನು ಊದಿದ ಹಾಗೆ ಕಾಣುತ್ತಿತ್ತು. ಆಮೇಲೆ ತನ್ನ ಉಸಿರಿನ ಜೊತೆಗೇ ಒತ್ತತೊಡಗಿದ. ಒಂದು ಗಂಟೆ ಕಳೆಯುವಷ್ಟರಲ್ಲಿ ಅಲ್ಲಿ ಒಂದು ಪ್ರಾಣಿ ಮಲಗಿತ್ತು.

ರಾತ್ರಿ ಲೈಟನ್ನು ಹಿಂದಿನಿಂದ, ತಗ್ಗಿನಲ್ಲಿ ಇಟ್ಟರು. ಬಾವಿಕಟ್ಟೆಯ ಆಚೆ ಒದ್ದೆ ಅಂಚು ಮಾತ್ರ ಹೊಳೆಯುತ್ತಿತ್ತು. ಹುಡುಗಿ ಮೆಟ್ಟಿಲಿಳಿದು "ಅಜ್ಜೀ?" ಅಂತ ಕರೆಯಬೇಕು. ಅವಳು ಕರೆದ ಕ್ಷಣ ಆ ಹುಡುಗ, ಯಾರೂ ಹೇಳಿರದಿದ್ದರೂ, ಉಂಡೆ ಒತ್ತುವುದನ್ನು ನಿಲ್ಲಿಸಿದ. ಬೆನ್ನು ಅರ್ಧ ಉಬ್ಬಿದಲ್ಲೇ ನಿಂತಿತು. ಅದು ಕೇಳಿಸಿಕೊಳ್ಳುತ್ತಿದೆ! ಮಾನಿಟರ್ ಮುಂದೆ ಯಾರೂ ಅಲ್ಲಾಡಲಿಲ್ಲ. ಆ ಬೆನ್ನಿಗೆ ತಗುಲಿದ ಖರ್ಚು ಎರಡು ಸಾವಿರವೂ ಇಲ್ಲ. ಸಿಲಿಕೋನ್ ತಲೆ ಕೊನೆಗೆ ಚಿತ್ರದಲ್ಲಿ ಉಳಿದದ್ದು ಒಂದೂವರೆ ಸೆಕೆಂಡು.

ಎಲ್ಲ ಸರಿಹೋಯಿತು ಅಂತಲ್ಲ. ಅದೇ ಚಿತ್ರಕ್ಕೆ ಬಾವಿಯ ಮಾಡು ಕುಸಿಯುವ ಮಿನಿಯೇಚರ್ ಮಾಡಿದ್ದೆ, ನಿಜದ ಒಂಬತ್ತನೇ ಒಂದು ಪಾಲು ಗಾತ್ರ. ಸಾಮಾನ್ಯ ವೇಗದಲ್ಲಿ, ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದೆವು. ಕಡ್ಡಿ ಉದುರಿದ ಹಾಗೆ ಕಂಡಿತು. ಎತ್ತರ ಒಂಬತ್ತನೇ ಒಂದಾದರೆ ಬೀಳುವ ವೇಳೆ ಮೂರನೇ ಒಂದಾಗುತ್ತದೆ. ಆದ್ದರಿಂದ ಮೂರು ಪಟ್ಟು ವೇಗದಲ್ಲಿ, 72 ಫ್ರೇಮಿನಲ್ಲಿ ಚಿತ್ರಿಸಿ ನಿಧಾನವಾಗಿ ತೋರಿಸಿದರೆ ಮಾತ್ರ ಭಾರ ಬರುತ್ತದೆ. ಸ್ಲೌನಲ್ಲಿ ಡೆರೆಕ್ ಮೆಡಿಂಗ್ಸ್ ಅವರ ಮಾಡೆಲ್ ವಿಭಾಗ ಸ್ಫೋಟಗಳನ್ನೆಲ್ಲ ಹೆಚ್ಚಿನ ವೇಗದಲ್ಲೇ ತೆಗೆಯುತ್ತಿತ್ತು. ನೀರಿಗೆ ಮಾತ್ರ ಈ ಲೆಕ್ಕವೂ ಪೂರ್ತಿ ಒದಗುವುದಿಲ್ಲ. ಹನಿ ಎಷ್ಟಿದೆಯೋ ಅಷ್ಟೇ ಇರುತ್ತದೆ, ಮಾದರಿಯ ಬಾವಿಗೆ ಹೊಂದುವಂತೆ ಕುಗ್ಗುವುದಿಲ್ಲ.

ಈಗ ಬರುವ ಗಿರಾಕಿಗಳಲ್ಲಿ ಅರ್ಧ ಜನ "ಗ್ರಾಫಿಕ್ಸ್‌ನಲ್ಲಿ ಮಾಡಿಸಿದ್ರೆ ಆಗಲ್ವಾ" ಅಂತ ಕೇಳುತ್ತಾರೆ. ಆಗುತ್ತದೆ. ಒಳ್ಳೆಯ ಗ್ರಾಫಿಕ್ಸ್‌ಗೆ ಹಣ ಇದ್ದರೆ ಮಾಡಿಸಿ ಅಂತಲೇ ಹೇಳುತ್ತೇನೆ. ಇಲ್ಲದಿದ್ದರೆ ಆ ಬೆನ್ನನ್ನು ತೋರಿಸುತ್ತೇನೆ. ಅದರ ಮೇಲೆ ಬಿದ್ದ ಬೆಳಕು ಅದೇ ಜಾಗದ ಬೆಳಕು. ಹುಡುಗಿ ನೋಡಿದ್ದು ಖಾಲಿ ಗೋಡೆಯನ್ನಲ್ಲ.

ನನ್ನ ಕೊಟೇಶನ್ನಿನಲ್ಲಿ ಈಗ ಮೊದಲ ಸಾಲು ತಾಲೀಮಿನದು, ಮೂರು ದಿನ. ಎರಡನೇ ಸಾಲು ಕಣ್ಣಿನದು. ಎರಡೂ ಪಾಪೆಗಳನ್ನು ತುಸು ಒಳಮುಖವಾಗಿ ಕೂರಿಸದಿದ್ದರೆ ಗೊಂಬೆ ಯಾರನ್ನೂ ನೋಡುವುದಿಲ್ಲ, ಬರೀ ಕಣ್ಣು ಬಿಟ್ಟಿರುತ್ತದೆ. ಅದನ್ನು ಅಂಟಿಸುವ ಮೊದಲು ಕ್ಯಾಮೆರಾದಲ್ಲಿ ನೋಡಿಯೇ ತೀರುತ್ತೇನೆ. ಚರ್ಮ ನಾಲ್ಕನೆಯದೋ ಐದನೆಯದೋ. ಆಡಿಸುವವರು ವರ್ಕ್‌ಶಾಪಿಗೆ ಬಂದು, ಇನ್ನೂ ಹಸಿ ಸ್ಪಂಜಿನ ಸ್ಥಿತಿಯಲ್ಲಿರುವಾಗಲೇ ಕೈ ತೂರಿಸಿ ಒಂದು ನಿಮಿಷ ಎತ್ತಿ ಹಿಡಿಯಬೇಕು. ನಡುಕ ಬಂದರೆ ಅಲ್ಲಿಯೇ ಕತ್ತರಿಸುತ್ತೇವೆ.

ಆ ಹುಡುಗನೇ ಈಗಲೂ ಬರುತ್ತಾನೆ. ಕಳೆದ ವಾರ ಒಂದು ಬಾಹ್ಯಾಕಾಶದ ಕಥೆಗೆ ಮಾಡಿದ ಪ್ರಾಣಿಯ ತಲೆಯನ್ನು ತಕ್ಕಡಿಗೆ ಇಟ್ಟೆವು. 860 ಗ್ರಾಂ. ಎತ್ತಿ ಹಿಡಿದ, ಒಂದು ನಿಮಿಷ ಆಯಿತು, ಎರಡಾಯಿತು. "ಅಣ್ಣಾ, ಕಿವಿ ಸ್ವಲ್ಪ ಭಾರ," ಅಂದ. ಕಿವಿ ತೆಗೆದು ತೆಳ್ಳಗೆ ಕೊರೆಯಲು ಕೂತೆ.