ಅದೇ ಜಡ್ಜ್, ಬೇರೆ ಓಟು

ಏಪ್ರಿಲ್ 8, 2022, ಶುಕ್ರವಾರ

ನಿನ್ನೆ ರಾತ್ರಿ ಹನ್ನೆರಡರ ಹತ್ತಿರ ಅಮೆರಿಕದ ಮೇಲ್ಮನೆ ಸೆನೆಟ್‌ನಲ್ಲಿ ಓಟು ಮುಗಿಯಿತು. ಅಲ್ಲಿ ಅಧ್ಯಕ್ಷರು ಹೆಸರಿಸಿದ ಜಡ್ಜ್‌ಗೆ ಸೆನೆಟ್ ಒಪ್ಪಿಗೆ ಬೇಕು. ಅಧ್ಯಕ್ಷ ಬೈಡನ್ ಹೆಸರಿಸಿದ ಕೆಟಾಂಜಿ ಬ್ರೌನ್ ಜಾಕ್ಸನ್ 53-47ರಲ್ಲಿ ಗೆದ್ದರು. ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗುತ್ತಿರುವ ಮೊದಲ ಕಪ್ಪು ಮಹಿಳೆ. ಬೈಡನ್ ಪಕ್ಷದ ಡೆಮಾಕ್ರಟರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರೆ ರಿಪಬ್ಲಿಕನ್ನರು ಬಾಗಿಲ ಕಡೆ ನಡೆದರು. ರಿಪಬ್ಲಿಕನ್ನರ ಕಡೆ ನಿಂತು ಚಪ್ಪಾಳೆ ತಟ್ಟುತ್ತಿದ್ದವರು ಮಿಟ್ ರಾಮ್ನಿ ಒಬ್ಬರೇ.

ತಮಾಷೆ ಏನಂದ್ರೆ, ಕಳೆದ ಜೂನ್‌ನಲ್ಲಿ ಇದೇ ಜಾಕ್ಸನ್ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟಿಗೆ ಹೋಗುವಾಗ ರಾಮ್ನಿ ಬೇಡ ಅಂದಿದ್ದರು, ಅವರದೇ ಪಕ್ಷದ ಸೆನೆಟರ್ ಲಿಂಡ್ಸೆ ಗ್ರಹಾಂ ಸರಿ ಅಂದಿದ್ದರು. ಈಗ ಇಬ್ಬರೂ ಅದಲು ಬದಲು! ಮಕ್ಕಳ ಅಶ್ಲೀಲ ಚಿತ್ರದ ಕೇಸುಗಳಲ್ಲಿ ಶಿಕ್ಷೆ ಕಡಿಮೆ ಕೊಟ್ಟರು ಅನ್ನೋದು ಗ್ರಹಾಂ ತಕರಾರು. ಆದರೆ ಆ ಶಿಕ್ಷೆಗಳೆಲ್ಲ ಕಳೆದ ವರ್ಷದ ಓಟಿಗೂ ಮುಂಚಿನವು ತಾನೇ? ಅವರಿಗೆ ತಮ್ಮ ರಾಜ್ಯದ ಜಡ್ಜ್ ಮಿಶೆಲ್ ಚೈಲ್ಡ್ಸ್ ಬೇಕಿತ್ತು, ಸಿಗಲಿಲ್ಲ. ಬೇಡ ಅನ್ನೋಕೆ ಮನಸ್ಸು ಮಾಡಿದವರಿಗೆ ನೆಪಕ್ಕೆ ಬರವೇ?

ಈ ಗ್ರಹಾಂ 2016ರಲ್ಲಿ, ಚುನಾವಣೆ ವರ್ಷದಲ್ಲಿ ಹೊಸ ಜಡ್ಜ್ ಬೇಡ, ನಾಳೆ ನಾನು ಮಾತು ತಪ್ಪಿದರೆ ನನ್ನ ಮಾತನ್ನೇ ನನ್ನ ಮುಖಕ್ಕೆ ಹಿಡಿಯಿರಿ ಅಂದಿದ್ದರು. ಒಬಾಮ ಹೆಸರಿಸಿದ ಮೆರಿಕ್ ಗಾರ್ಲಂಡ್‌ಗೆ ಆಗ ವಿಚಾರಣೆಯೂ ಸಿಗಲಿಲ್ಲ, ಓಟೂ ಇಲ್ಲ. 2020ರಲ್ಲಿ ಚುನಾವಣೆಗೆ ಎಂಟು ದಿನ ಇರುವಾಗ ಟ್ರಂಪ್ ಹೆಸರಿಸಿದ ಏಮಿ ಬ್ಯಾರೆಟ್ ಪಾಸಾದರು. ವಿಚಾರಣೆ ನಡೆಸಿದ ಸಮಿತಿಯ ಅಧ್ಯಕ್ಷರು ಯಾರು? ಗ್ರಹಾಂ! ಡೆಮಾಕ್ರಟರೂ ಸಾಚಾ ಅಲ್ಲ ಬಿಡಿ, ಕೆಳಗಿನ ಕೋರ್ಟುಗಳ ಜಡ್ಜ್‌ಗಳಿಗೆ ನೂರರಲ್ಲಿ 60 ಓಟು ಬೇಕು ಅನ್ನೋ ಅಡ್ಡಿಯನ್ನು 2013ರಲ್ಲಿ ಕಿತ್ತವರು ಅವರೇ. 2017ರಲ್ಲಿ ರಿಪಬ್ಲಿಕನ್ನರು ಅದನ್ನೇ ಸುಪ್ರೀಂ ಕೋರ್ಟಿಗೂ ತಂದರು.

ನನಗೆ ವಿಚಿತ್ರ ಅನಿಸೋದು ಇದು. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ ಮೀರಿದರೆ ಸೀಟೇ ಹೋಗಬಹುದು. ಆದರೂ 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು, ಅವರಲ್ಲಿ ಸುಮಾರು ಜನ ಅದೇ ಡಿಸೆಂಬರ್‌ನಲ್ಲಿ ಬೇರೆ ಪಕ್ಷದಿಂದ ಗೆದ್ದು ವಾಪಸ್ ಬಂದರು. (ಜಡ್ಜ್ ನೇಮಕ ನಮ್ಮಲ್ಲಿ ಸದನದ ಓಟಿಗೆ ಬರೋದೇ ಇಲ್ಲ, ಕೊಲಿಜಿಯಂ ಕಥೆ ಬೇರೆ.) ಅಲ್ಲಿ ಅಂಥ ಕಾಯ್ದೆಯೇ ಇಲ್ಲ. ಯಾರು ಹೇಗೆ ಬೇಕಾದರೂ ಓಟು ಹಾಕಬಹುದು. ಆದರೂ ಈ ಸಲ ಗೆರೆ ದಾಟಿದ ರಿಪಬ್ಲಿಕನ್ನರು ಮೂರೇ ಜನ, ರಾಮ್ನಿ, ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ.

ಅಲ್ಲಿ ಭಯ ಪ್ರೈಮರಿಯದ್ದು. ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಆ ಸುತ್ತಿನಲ್ಲಿ ಸ್ವಂತ ಪಕ್ಷದವರೇ ಎದುರಾಳಿ ನಿಲ್ಲಿಸುತ್ತಾರೆ. ಮರ್ಕೌಸ್ಕಿಗೆ ಈ ವರ್ಷವೇ ಚುನಾವಣೆ, ಎದುರಿಗೆ ಟ್ರಂಪ್ ಬೆಂಬಲದ ಅಭ್ಯರ್ಥಿ ಇದ್ದಾರೆ. ಆದರೆ ಅಲಾಸ್ಕಾದಲ್ಲಿ ಈಗ ಎಲ್ಲ ಪಕ್ಷಕ್ಕೂ ಒಂದೇ ಪ್ರೈಮರಿ, ಮೊದಲ ನಾಲ್ವರು ಮುಂದೆ ಹೋಗುತ್ತಾರೆ. ಬರೀ ರಿಪಬ್ಲಿಕನ್ನರ ಕೈಯಲ್ಲಿ ಅವರ ಟಿಕೆಟ್ ಇಲ್ಲ. ಧೈರ್ಯ ಇದೆ, ಜೊತೆಗೆ ಲೆಕ್ಕವೂ ಇದೆ ಅಲ್ವಾ?

ಸುಪ್ರೀಂ ಕೋರ್ಟಿಗೆ ಹೋದ ಜಡ್ಜ್‌ಗಳಲ್ಲಿ 1986ರಲ್ಲಿ ಸ್ಕಾಲಿಯಾಗೆ 98-0, 1993ರಲ್ಲಿ ಗಿನ್ಸ್‌ಬರ್ಗ್‌ಗೆ 96-3. ಇನ್ನು ಅಂಥ ಓಟು ಬರಲ್ಲ. ನವೆಂಬರ್ ಚುನಾವಣೆಯಲ್ಲಿ ಸೆನೆಟ್ ನಿಮ್ಮ ಕೈಗೆ ಬಂದರೆ ಬೈಡನ್ ಹೆಸರಿಸುವ ಮುಂದಿನ ಜಡ್ಜ್‌ಗೆ ವಿಚಾರಣೆಯಾದರೂ ಕೊಡುತ್ತೀರಾ ಅಂತ ನಿನ್ನೆಯೇ ಸಂದರ್ಶನದಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್‌ರನ್ನು ಕೇಳಿದರು. ಅವರು ಹೌದು ಅನ್ನಲಿಲ್ಲ.