ಡನ್‌ಮೋರ್ ಬಿಸಿ ಗೋಡೆ: ಕೊನೆಗೂ ಹೂದಾನಿಯಿಂದ ಹೊಗೆ ಬಂತು

ಬಂತು! ನಿನ್ನೆ ರಾತ್ರಿ ಹತ್ತೂವರೆಗೆ, ನಾನು ಕಟ್ಟುತ್ತಿರುವ ಗೋಡೆಯ ಮಾದರಿಯಲ್ಲಿ, ಎಡಗಡೆಯ ಹೂದಾನಿಯ ಬಾಯಿಂದ ಹೊಗೆ ಬಂತು. ನೂಲಿನಷ್ಟು ತೆಳ್ಳಗೆ, ನೆಟ್ಟಗೆ. ಮೂರು ವಾರದಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ.

ಹಿಂದಿನದನ್ನು ಓದದವರಿಗೆ ಎರಡು ಮಾತು. ಸ್ಕಾಟ್ಲೆಂಡಿನ ಡನ್‌ಮೋರ್ ಪಾರ್ಕ್, ಫಾಲ್ಕರ್ಕ್ ಸೀಮೆಯ ಏರ್ತ್ ಊರಿನ ಹತ್ತಿರ. ಡನ್‌ಮೋರಿನ ನಾಲ್ಕನೇ ಅರ್ಲ್ ಜಾನ್ ಮರ್ರೆಯ ಬಂಗಲೆ ತೋಟ. ಸುತ್ತ ಎತ್ತರದ ಗೋಡೆ, ಉತ್ತರದ ಗೋಡೆಯ ನಡುವೆ ಸುಮಾರು 14 ಮೀಟರ್ ಎತ್ತರದ ಕಲ್ಲಿನ ಅನಾನಸ್. ಬಾಗಿಲ ಕಮಾನಿನ ಮೇಲೆ 1761 ಅಂತ ಕೆತ್ತಿದ್ದಾರೆ. ಫೋಟೋ ತೆಗೆಯುವವರೆಲ್ಲ ಆ ಅನಾನಸ್ಸನ್ನೇ ತೆಗೆಯುತ್ತಾರೆ. ನನಗೆ ಹುಚ್ಚು ಹಿಡಿಸಿದ್ದು ಅದರ ಅಕ್ಕಪಕ್ಕದ ಗೋಡೆ. ಅದು ಒಳಗೆ ಪೊಳ್ಳು. ಕುಲುಮೆಯ ಬಿಸಿಗಾಳಿ ಅದರೊಳಗೆ ಓಡಾಡಿ ಗಾಜಿನ ಮನೆಗಳನ್ನು ಬೆಚ್ಚಗಿಡುತ್ತಿತ್ತು. ಮೇಲೆ ಸಾಲಾಗಿ ಕಾಣುವ ಕಲ್ಲಿನ ಹೂದಾನಿಗಳು ನಿಜವಾಗಿ ಚಿಮಣಿಗಳು!

ನನ್ನ ಮಾದರಿಯ ಅನಾನಸ್ 1:50ರಲ್ಲಿ, ಅಂದರೆ ಅಸಲಿಯ ಐವತ್ತನೇ ಒಂದು ಅಳತೆಯಲ್ಲಿ, ಮುಗಿದಿದೆ, 28 ಸೆಂ.ಮೀ. ಅದರ ಎಲೆಗಳ ಬಗ್ಗೆ ಒಂದೇ ಮಾತು. ಅಸಲಿಯಲ್ಲಿ ಒಂದೊಂದು ಕಲ್ಲೆಲೆಗೂ ಬೇರೆ ಬೇರೆ ನೀರಿಳಿಯುವ ದಾರಿ ಇದೆ. ನೀರು ನಿಂತು ಹೆಪ್ಪುಗಟ್ಟಿದರೆ ಕಲ್ಲು ಸೀಳುತ್ತದಲ್ವಾ, ಅದಕ್ಕೆ. ನನ್ನ ಮಣ್ಣಿನ ಎಲೆಗಳ ಮೇಲೆ ಪಿಚಕಾರಿಯಿಂದ ನೀರು ಬಿಟ್ಟು ನೋಡಿದೆ. ಎರಡು ಎಲೆಯಲ್ಲಿ ಹನಿ ನಿಂತಿತು. ತಿದ್ದಿದೆ.

ಆದರೆ 1:50ರ ಗೋಡೆಯ ಪೊಳ್ಳಿನಲ್ಲಿ ಹೊಗೆ ಆಡುವುದಿಲ್ಲ. ಹಾಗಾಗಿ ಗೋಡೆಯ ಒಂದು ತುಂಡನ್ನು, 60 ಸೆಂ.ಮೀ. ಉದ್ದ, ಬೇರೆಯಾಗಿ 1:24ರಲ್ಲಿ ಕಟ್ಟಿದೆ. ಅದರಲ್ಲಿ ಬೆಂಕಿ ಹಾಕುವ ಎರಡು ಗೂಡು, ಎರಡು ಹೂದಾನಿ. ಆ ಕಾಲದ ಬಿಸಿ ಗೋಡೆಗಳಲ್ಲಿ ಹೊಗೆ ಸೀದಾ ಮೇಲೆ ಹೋಗುತ್ತಿರಲಿಲ್ಲ, ಹಾವಿನ ಹಾಗೆ ಅಡ್ಡಡ್ಡ ತಿರುಗಿ ಹೋಗುತ್ತಿತ್ತು. ಗೋಡೆಗೆ ಬಿಸಿ ಕೊಟ್ಟೇ ಹೊರಗೆ ಬೀಳಬೇಕು. ನಾನೂ ಆರು ತಿರುವು ಇಟ್ಟೆ.

ಇಟ್ಟಿಗೆಯದ್ದೇ ಮೊದಲ ತಲೆನೋವು. 9 ಮಿ.ಮೀ. ಉದ್ದದ್ದು ಬೇಕು ಅಂತ ಎರಡೆರಡು ಸಲ ಬರೆದು ಆರ್ಡರ್ ಕೊಟ್ಟಿದ್ದೆ. ಬಂದ ಡಬ್ಬಿಯಲ್ಲಿ 8ರಿಂದ 11ರ ತನಕ ಎಲ್ಲ ಇತ್ತು, ಕಾಲು ಭಾಗ ಪುಡಿ. ಫೋನ್ ಮಾಡಿದರೆ, "ಕೈಯಲ್ಲಿ ಮಾಡಿದ್ದು ಸಾರ್, ಹಾಗೇ ಇರುತ್ತೆ." ಒಂದು ವಾರ ಕೂತು ಒಂದೊಂದನ್ನೂ ಉಜ್ಜಿದೆ.

ಮೊದಲ ಸಲ ಗೂಡಿನಲ್ಲಿ ಎರಡು ಕೆಂಡ, ಮೇಲೊಂದು ಲೋಬಾನದ ಚೂರು ಇಟ್ಟಾಗ ಹೊಗೆ ಎಲ್ಲ ಸಂದಿಯಿಂದಲೂ ಬಂತು, ಹೂದಾನಿ ಬಿಟ್ಟು. ಬಿಳಿ ಅಂಟು ಬಿಸಿಗೆ ಮೆತ್ತಗಾಗಿತ್ತು. ಪೂರ್ತಿ ಬಿಚ್ಚಿ, ಹುತ್ತದ ಮಣ್ಣಿಗೆ ಸುಣ್ಣ ಕಲಸಿ ಮತ್ತೆ ಕಟ್ಟಿದೆ. ಈಗ ಒಂದು ಎಳೆಯೂ ಸೋರಲಿಲ್ಲ. ಆದರೆ ಹೊಗೆ ಗೂಡಿನ ಬಾಯಿಂದಲೇ ವಾಪಸ್! ದಾರಿಯನ್ನು 12ರಿಂದ 18 ಮಿ.ಮೀ.ಗೆ ಅಗಲ ಮಾಡಿದೆ. ತಿರುವು ಆರಿದ್ದದ್ದು ನಾಲ್ಕಾಯಿತು. ಆಗಲೂ ವಾಪಸ್. ಗೋಡೆ ಮುಟ್ಟಿ ನೋಡಿದೆ. ಗೂಡಿನ ಹತ್ತಿರ ಬೆರಳು ಸುಡುತ್ತದೆ, ಎರಡನೇ ತಿರುವಿನ ಆಚೆ ಬಾವಿಕಟ್ಟೆಯಷ್ಟು ತಣ್ಣಗೆ.

ಮೂರು ದಿನ ನೋಡಿದ ಆಯಿ, ನಾಲ್ಕನೇ ದಿನ ಬಚ್ಚಲೊಲೆಗೆ ಬೆಂಕಿ ಮಾಡಲು ಹೊರಟವಳು ನಿಂತಳು. "ತಮಾ, ಕೊಳವೆ ತಣ್ಣಗಿದ್ರೆ ಹೊಗೆ ಮೇಲ್ ಹೋಗ್ತಿಲ್ಲೆ. ಮೊದ್ಲು ಅದ್ರ ಬಾಯಿ ಬಿಸಿ ಮಾಡು." ಮಳೆಗಾಲದಲ್ಲಿ ಅವಳು ಮಾಡುವುದೂ ಅದೇ. ಒಣ ಅಡಿಕೆ ಸೋಗೆಯನ್ನು ಹೊಗೆಕೊಳವೆಯ ಬುಡದಲ್ಲಿ ಮೊದಲು ಉರಿಸುತ್ತಾಳೆ.

ಬಿಸಿ ಹೊಗೆ ಹಗುರ, ಅದಕ್ಕೇ ಏರುತ್ತದೆ. ದಾರಿಯಲ್ಲೇ ತಣ್ಣಗಾದರೆ ಏರಲು ಬಲ ಇರುವುದಿಲ್ಲ. ಕೊಳವೆಯಲ್ಲಿ ಕೂತ ತಣ್ಣನೆ ಗಾಳಿ ಅದನ್ನು ಕೆಳಗೆ ಒತ್ತುತ್ತದೆ. ಮಾದರಿ ಚಿಕ್ಕದಾದಷ್ಟೂ ಹೊಗೆ ಬೇಗ ತಣಿಯುತ್ತದೆ. ಹೂದಾನಿಯ ಬುಡದ ಒಂದು ಇಟ್ಟಿಗೆ ತೆಗೆದು, ಸೋಗೆಯ ಚೂರು ಹಚ್ಚಿ, ಮುಚ್ಚಿದೆ. ಎಣಿಸಿ ಹತ್ತು ಆಗುವಷ್ಟರಲ್ಲಿ ಗೂಡಿನ ಹೊಗೆ ಒಳಗೆ ಎಳೆಯಿತು. ನಲವತ್ತು ನಿಮಿಷದ ನಂತರ ಗೂಡಿನ ಬಳಿ 61 ಡಿಗ್ರಿ, ಕೊನೆಯ ತಿರುವಿನಲ್ಲಿ 34.

ಈ ಎರಡು ಅಂಕಿ ನೋಡಿದ ಮೇಲೆ ಆ ತೋಟಗಳ ಕಷ್ಟ ನನಗೆ ಅರ್ಥವಾಯಿತು. ಇಂಥ ಗೋಡೆಗೆ ಹಬ್ಬಿಸಿದ ಪೀಚ್ ಮರ ಗೂಡಿನ ಹತ್ತಿರ ಬೇಯುತ್ತದೆ, ಆ ತುದಿಯಲ್ಲಿ ನಡುಗುತ್ತದೆ. ಅದಕ್ಕೇ ಮರ ಗೋಡೆಗೆ ತಾಗದಂತೆ ಪಟ್ಟಿಗಳ ಚೌಕಟ್ಟು ಕಟ್ಟುತ್ತಿದ್ದರು. ಬಿಸಿ ಗೋಡೆಯ ಮುಖ್ಯ ಉದ್ದೇಶ ವಸಂತದ ರಾತ್ರಿಯ ಹಿಮಕ್ಕೆ ಹೂವು ಸಾಯದಂತೆ ನೋಡಿಕೊಳ್ಳುವುದು. ಅಂದರೆ ಯಾರೋ ಒಬ್ಬ ರಾತ್ರಿಯೆಲ್ಲ ಎದ್ದು ಕುಲುಮೆ ನೋಡಬೇಕು. ಮಸಿ ಕಟ್ಟಿದ ದಾರಿ ಕೆರೆಯಬೇಕು. ಅಂಥವರ ಹೆಸರನ್ನು ಯಾವ ಕಮಾನಿನ ಮೇಲೂ ಕೆತ್ತಲಿಲ್ಲ. ನಮ್ಮ ಬನವಾಸಿಯಲ್ಲಿ ಅನಾನಸ್ ಬಯಲಲ್ಲೇ ಬೆಳೆಯುತ್ತದೆ. ಸ್ಕಾಟ್ಲೆಂಡಿನಲ್ಲಿ ಒಂದು ಹಣ್ಣಿಗೆ ಎರಡು ಮೂರು ವರ್ಷ ಬೆಂಕಿ ಕಾಯಬೇಕಿತ್ತು.

ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ. ಕಾರ್ನ್‌ವಾಲಿನ ಹೆಲಿಗನ್ ತೋಟದ ಅನಾನಸ್ ಗುಂಡಿ. ಬೆಂಕಿಯೇ ಇಲ್ಲ! ನಡುವಿನ ಗುಂಡಿಯಲ್ಲಿ ಗಿಡ, ಎರಡೂ ಪಕ್ಕದ ಗುಂಡಿಯಲ್ಲಿ ಹಸಿ ಕುದುರೆ ಲದ್ದಿ. ಅದು ಕೊಳೆಯುವ ಬಿಸಿ ತೂತುಗೋಡೆ ದಾಟಿ ಗಿಡಕ್ಕೆ ತಲುಪುತ್ತದೆ. ಇದನ್ನು ಮಾದರಿ ಅಲ್ಲ, ಹಿತ್ತಲಲ್ಲೇ ತೋಡಿ ಥರ್ಮಾಮೀಟರ್ ಇಡಬೇಕು ಅಂತಿದ್ದೇನೆ. ಕೊಟ್ಟಿಗೆಯ ಸಗಣಿ ಅಷ್ಟು ಬೇಗ ಕಾಯುವುದಿಲ್ಲ. ಶಿರಸಿ ಸುತ್ತಮುತ್ತ ಕುದುರೆ ಸಾಕಿದವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ನಾಲ್ಕು ಚೀಲ ಸಾಕು.

ಬಲಗಡೆಯ ಹೂದಾನಿ ಇನ್ನೂ ಬಾಕಿ ಇದೆ. ಅದರ ಬುಡದಲ್ಲಿ ಬಿಚ್ಚುವ ಇಟ್ಟಿಗೆ ಇಟ್ಟಿರಲಿಲ್ಲ, ಇವತ್ತು ಕೊರೆಯಬೇಕು.